ಗೀರು ಬಿದ್ದ ಸಿಡಿ ಕಂಪ್ಯೂಟರಿಗೆ ಇಳಿಸುವ ಮುಂಚೆ

ಡೊಂಬಿವಲಿಯ ನಮ್ಮ ಮನೆಯಲ್ಲಿ ಅಪ್ಪನ ಯಕ್ಷಗಾನ ಸಿಡಿಗಳ ಒಂದು ಡಬ್ಬಿ ಇದೆ. ಒಂದರಲ್ಲಂತೂ ಚೆಂಡೆ ಪೆಟ್ಟಿನ ನಡುವೆ ಟಿಕ್ ಟಿಕ್ ಸದ್ದು. ನಿಮ್ಮಲ್ಲೂ ಇಂಥವು ಇದ್ದರೆ ತಡ ಮಾಡಬೇಡಿ.

ಸಿಡಿಯ ಆಡಿಯೋವನ್ನು ಕಂಪ್ಯೂಟರಿಗೆ ಇಳಿಸುವ ಎಕ್ಸಾಕ್ಟ್ ಆಡಿಯೋ ಕಾಪಿ ಅನ್ನುವ ಸಾಫ್ಟ್‌ವೇರ್‌ನಲ್ಲಿ, ಹೋಲಿಸದೆ ಬೇಗ ಓದಿ ಮುಗಿಸುವ ‘ಬರ್ಸ್ಟ್’ ಬೇಡ, ‘ಸೆಕ್ಯೂರ್’ ಮೋಡ್ ಇಡಿ. ಅದು ಪ್ರತಿ ತುಣುಕನ್ನೂ ಎರಡು ಸಲ ಓದಿ ಹೋಲಿಸುತ್ತದೆ. ತಾಳೆಯಾಗದಿದ್ದರೆ 16 ಸಲ ಮತ್ತೆ ಓದುತ್ತದೆ, 8 ಸಲ ಒಂದೇ ಥರ ಬಂದರೆ ಮಾತ್ರ ಒಪ್ಪುತ್ತದೆ.

ಮುಖ್ಯವಾದದ್ದು ಕ್ಯಾಶ್. ಡ್ರೈವ್ ಓದಿದ್ದನ್ನು ತನ್ನ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಎರಡನೇ ಸಲ ಕೇಳಿದರೆ ಸಿಡಿ ಮುಟ್ಟದೆ ಅದನ್ನೇ ಕೊಡುತ್ತದೆ. ಆಗ ಹೋಲಿಸಿ ಏನು ಲಾಭ, ಅಲ್ವಾ? ಹಾಗಾಗಿ ‘ಡ್ರೈವ್ ಕ್ಯಾಶಸ್ ಆಡಿಯೋ ಡೇಟಾ’ಗೆ ಟಿಕ್ ಹಾಕಿ, ಆಗ ಸಿಡಿಯಿಂದಲೇ ಮತ್ತೆ ಓದಿಸುತ್ತದೆ. ‘ಸಿ2’ ಅಂದರೆ ಓದುವಾಗಿನ ತಪ್ಪನ್ನು ಡ್ರೈವೇ ತಿಳಿಸುವ ವ್ಯವಸ್ಥೆ. ಅದನ್ನು ಆನ್ ಮಾಡಿದರೆ ಕೆಲಸ ಬೇಗ ಆಗುತ್ತದೆ, ಆದರೆ ತಪ್ಪು ಎಲ್ಲಿದೆ ಅಂತ ಡ್ರೈವ್ ಹೇಳಿದ್ದನ್ನೇ ನಂಬಬೇಕು. ಕೆಲವು ಡ್ರೈವ್ ಸರಿಯಾಗಿ ಹೇಳುವುದಿಲ್ಲ. ಗೀರು ಜಾಸ್ತಿ ಇದ್ದರೆ ನಾನು ಆಫ್ ಇಡುತ್ತೇನೆ.

ಮನೆಯಲ್ಲೇ ಬರೆದ ಸಿಡಿಗೆ ಆಕ್ಯುರೇಟ್‌ರಿಪ್‌ನಲ್ಲಿ (ಬೇರೆಯವರು ಇಳಿಸಿದ ಅದೇ ಸಿಡಿಯ ಜೊತೆ ಹೋಲಿಸುವ ಆನ್‌ಲೈನ್ ಪಟ್ಟಿ) ಸಾಮಾನ್ಯವಾಗಿ ಹೋಲಿಕೆ ಸಿಗುವುದಿಲ್ಲ. ಹಾಗಾಗಿ ಎರಡು ಸಲ ಓದುವ ‘ಟೆಸ್ಟ್ ಆಂಡ್ ಕಾಪಿ’ ಮಾಡಿ, ಎರಡೂ ಸಲದ ಸಿಆರ್‌ಸಿ (ಓದಿದ ಡೇಟಾದಿಂದ ಲೆಕ್ಕ ಹಾಕುವ ತಾಳೆ ಸಂಖ್ಯೆ) ಒಂದೇ ಇದೆಯಾ ನೋಡಿ. ಅದಕ್ಕೂ ಮುಂಚೆ ಸಿಡಿಯನ್ನು ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಒರೆಸಬೇಡಿ.