ಚಿಕ್ಕಮ್ಮನ ಇಂಗ್ಲಿಷ್ ಅಕ್ಷರ ಸರಿಹೋದದ್ದು ಹೀಗೆ

ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಮ್ಮ ಮಗನ ಜೊತೆ ಅಮೆರಿಕದಲ್ಲಿದ್ದಾರೆ. ಅಡಿಕೆ ಕೊಯ್ಲಿಗೆ ಊರಿಗೆ ಬಂದಾಗ ಅವರಿಗೆ ಪೌರತ್ವದ ಅರ್ಜಿಯದ್ದೇ ಚಿಂತೆ. ಕನ್ನಡವನ್ನು ಮುತ್ತು ಪೋಣಿಸಿದ ಹಾಗೆ ಬರೆಯುತ್ತಾರೆ. ಇಂಗ್ಲಿಷ್ ಮಾತ್ರ ಕೂಡಿಸಿ ಬರೆಯುವ ರೂಢಿ, ‘ಎನ್’, ‘ಆರ್’, ‘ಯು’ ಮೂರೂ ಒಂದೇ ಥರ ಕಾಣುತ್ತಿದ್ದವು.

ಅರ್ಜಿಯದ್ದು ದೊಡ್ಡ ವಿಷಯವಲ್ಲ. ಪೌರತ್ವಕ್ಕೆ ಹಾಕುವ ಎನ್-400 ಫಾರಂ ಆನ್‌ಲೈನಲ್ಲೇ ತುಂಬಬಹುದು. ಕಾಗದದ ಮೇಲಾದರೆ ಕಪ್ಪು ಶಾಯಿ, ಬಿಡಿ ಅಕ್ಷರ. ಸಹಿ ಇಂಗ್ಲಿಷ್‌ನಲ್ಲೇ ಇರಬೇಕೆಂದಿಲ್ಲ, ಕನ್ನಡ ಸಹಿ ಹಾಗೇ ಉಳಿಯಿತು.

ಕಷ್ಟ ಇದ್ದದ್ದು ಪೌರತ್ವದ ಸಂದರ್ಶನದಲ್ಲಿ ನಡೆಯುವ ಇಂಗ್ಲಿಷ್ ಬರವಣಿಗೆ ಪರೀಕ್ಷೆಯಲ್ಲಿ. ಅಧಿಕಾರಿ ಹೇಳುವ ಮೂರು ವಾಕ್ಯಗಳಲ್ಲಿ ಒಂದನ್ನು ಅರ್ಥವಾಗುವ ಹಾಗೆ ಬರೆದರೆ ಸಾಕು. ಅರ್ಥ ಕೆಡದಿದ್ದರೆ ಸ್ಪೆಲಿಂಗ್ ತಪ್ಪಿಗೆ ಫೇಲ್ ಮಾಡುವುದಿಲ್ಲ. ಆದರೆ ಪದವನ್ನು ಮೊಟಕು ಮಾಡುವ ಹಾಗಿಲ್ಲ. ಇಷ್ಟು ಗೊತ್ತಾದ ಮೇಲೆ ಅರ್ಧ ಹೆದರಿಕೆ ಹೋಯಿತು.

ಶಿವಮೊಗ್ಗದ ಗಾಂಧಿ ಬಜಾರಿನಿಂದ ಮಕ್ಕಳ ನಾಲ್ಕು ಗೆರೆ ಕಾಪಿ ಪುಸ್ತಕ ತಂದೆ. ಈ ಪರೀಕ್ಷೆಗೆಂದು ಅಮೆರಿಕ ಸರ್ಕಾರ ಪ್ರಕಟಿಸಿದ ಪದಪಟ್ಟಿ ಹಿಡಿದು ನಾನು ಹೇಳುವುದು, ಅವರು ಬಿಡಿಸಿ ಬರೆಯುವುದು. ‘ಎನ್’ ಕಮಾನು ಕೆಳಗಿನ ಗೆರೆವರೆಗೆ ಇಳಿಯಬೇಕು, ‘ಆರ್’ ಮೇಲೇ ನಿಲ್ಲಬೇಕು. ಪದಗಳ ನಡುವೆ ಕಿರುಬೆರಳಷ್ಟು ಜಾಗ. ‘ವಾಷಿಂಗ್ಟನ್’ ಜಾಸ್ತಿ ಬರೆಸಿದೆ, ಅದರಲ್ಲಿ ‘ಎನ್’ ಎರಡು ಸಲ ಬರುತ್ತದೆ ಅಲ್ವಾ!

ಈಗ ಸಂದರ್ಶನದಲ್ಲಿ ಟ್ಯಾಬ್ಲೆಟ್ ಮೇಲೂ ಬರೆಸುತ್ತಾರೆ. ಗಾಜಿನ ಮೇಲೆ ಕೈ ಜಾರುತ್ತದೆ. ಅದಕ್ಕೇ ಮಗಳ ಟ್ಯಾಬಿನಲ್ಲೂ ದೊಡ್ಡ ಅಕ್ಷರದಲ್ಲಿ, ನಿಧಾನವಾಗಿ ಅಭ್ಯಾಸ ಮಾಡಿಸಿದೆ.

ಸಂದರ್ಶನದಲ್ಲಿ ಚಿಕ್ಕಮ್ಮ ಮೊದಲ ವಾಕ್ಯಕ್ಕೇ ಪಾಸಾದರು. ಆ ಕಾಪಿ ಪುಸ್ತಕವನ್ನು ಈಗ ಅಲ್ಲೇ ಇರುವ ಇನ್ನೊಬ್ಬ ಕನ್ನಡದ ಅಜ್ಜಿಗೆ ಕೊಟ್ಟಿದ್ದಾರೆ.