ಆಡಿ ಟಿಟಿ ಕಾರಿಗೆ 20 ಇಂಚಿನ ರಿಮ್ ಹಾಕಿಸಿ, ತೆಗೆಸಿದ್ದು

ನನ್ನದು ಸೆಕೆಂಡ್ ಹ್ಯಾಂಡ್ ತಗೊಂಡ ಆಡಿ ಟಿಟಿ, ಎರಡನೇ ತಲೆಮಾರಿನದ್ದು. ಕಾರಿನ ಜೊತೆ ಬಂದದ್ದು 17 ಇಂಚಿನ ರಿಮ್, 245/45 ಆರ್17 ಟಯರು. ಅಂದರೆ ಟಯರಿನ ಅಗಲ 245 ಮಿಲಿಮೀಟರ್, ಬದಿಯ ಎತ್ತರ ಆ ಅಗಲದ ನೂರಕ್ಕೆ 45, ರಿಮ್ 17 ಇಂಚು. ಉಡುಪಿಯಿಂದ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುವಾಗ ಆ 14 ತಿರುವುಗಳಲ್ಲಿ ಟಯರು ಎಲ್ಲಿ ಹಿಡಿಯುತ್ತಿದೆ, ಎಲ್ಲಿ ಸಡಿಲ ಆಗುತ್ತಿದೆ ಅಂತ ಸ್ಟಿಯರಿಂಗ್ ಹಿಡಿದ ಕೈಗೇ ಗೊತ್ತಾಗುತ್ತಿತ್ತು. ಇಷ್ಟಪಟ್ಟು ಈ ಕಾರು ತಗೊಂಡದ್ದೇ ಅದಕ್ಕೆ.

ಆದರೂ ಬದಿಯಿಂದ ನೋಡಿದಾಗ ಚಕ್ರದ ಮೇಲೆ ಜಾಗ ಖಾಲಿ ಬಿಟ್ಟ ಹಾಗೆ ಕಾಣುತ್ತಿತ್ತು. ಮಂಗಳೂರಿನ ಒಂದು ಅಂಗಡಿಯಲ್ಲಿ ಕಪ್ಪು ಬಣ್ಣದ 20 ಇಂಚಿನ ಅಲಾಯ್ ರಿಮ್ ನೋಡಿದೆ, ಮನಸ್ಸಾಯಿತು. ಅಂಗಡಿಯವರು, "ಎಂತ ತೊಂದರೆ ಆಗುದಿಲ್ಲ ಮಾರಾಯ್ರೇ, ಹೊರಗಿನ ಅಳತೆ ಹೆಚ್ಚುಕಮ್ಮಿ ಒಂದೇ" ಅಂದರು. ಟಯರು 255/30 ಆರ್20.

ಅವರು ಹೇಳಿದ್ದು ಸುಳ್ಳಲ್ಲ. ಹಳೆ ಚಕ್ರ ನೆಲದಿಂದ ತುದಿಯವರೆಗೆ ಸುಮಾರು 652 ಮಿಲಿಮೀಟರ್, ಹೊಸದು 661. ನೂರಕ್ಕೆ ಒಂದೂಕಾಲು, ಒಂದೂವರೆ ಅಷ್ಟೇ ವ್ಯತ್ಯಾಸ. ಸ್ಪೀಡೋಮೀಟರ್ ಮೊದಲಿಗಿಂತ ಅಷ್ಟು ಕಮ್ಮಿ ತೋರಿಸುತ್ತದೆ, ಅದು ದೊಡ್ಡ ವಿಷಯ ಅಲ್ಲ. ಆದರೆ ಹೊರಗಿನ ಅಳತೆ ಹಾಗೇ ಇದ್ದು ರಿಮ್ ಮೂರು ಇಂಚು ದೊಡ್ಡದಾಯಿತು ಅಂದರೆ, ಕಮ್ಮಿಯಾದದ್ದು ನಡುವಿನ ರಬ್ಬರ್. 245ರಲ್ಲಿ ನೂರಕ್ಕೆ 45 ಅಂದರೆ 110 ಮಿಲಿಮೀಟರ್. 255ರಲ್ಲಿ ನೂರಕ್ಕೆ 30 ಅಂದರೆ 76. ರಸ್ತೆಯ ಪೆಟ್ಟನ್ನು ಶಾಕ್ಸ್‌ಗಿಂತ (ಶಾಕ್ ಅಬ್ಸಾರ್ಬರಿಗಿಂತ) ಮೊದಲು ತಗೊಳ್ಳುವುದು ಈ ರಬ್ಬರ್ ಮತ್ತು ಅದರೊಳಗಿನ ಗಾಳಿ. ಅದರಲ್ಲಿ ಮೂರನೇ ಒಂದು ಭಾಗವನ್ನು ನಾನು ದುಡ್ಡು ಕೊಟ್ಟು ತೆಗೆಸಿಹಾಕಿದ್ದೆ.

ಮೊದಲ ದಿನವೇ ಗೊತ್ತಾಯಿತು. ಮಂಗಳೂರಿನ ಕಾಂಕ್ರೀಟ್ ರಸ್ತೆಯಲ್ಲಿ ಎರಡು ಹಾಸು ಸೇರುವಲ್ಲಿ ಗೆರೆ ಇರುತ್ತದೆ ಅಲ್ವಾ, ಪ್ರತಿ ಗೆರೆಗೂ ಬೆನ್ನಿಗೆ ಒಂದು ಗುದ್ದು. ನಂತೂರಿನಿಂದ ಸುರತ್ಕಲ್ ತಲುಪುವಾಗ ಡ್ಯಾಶ್‌ಬೋರ್ಡಿನೊಳಗೆ ಎಲ್ಲೋ ಕಟಕಟ ಶುರುವಾಗಿತ್ತು. ಹೆದ್ದಾರಿಯಲ್ಲಿ ಲಾರಿಗಳ ಚಕ್ರ ಒತ್ತಿ ಉದ್ದಕ್ಕೆ ತಗ್ಗಾದ ಕಡೆ ಕಾರು ತಾನೇ ಆ ತಗ್ಗಿಗೆ ಎಳೆಯುತ್ತಿತ್ತು. ಅಗಲ ಟಯರು, ಗಟ್ಟಿ ಬದಿ, ಹಾಗಾಗಿ ರಸ್ತೆ ಹೇಗೋ ಕಾರು ಹಾಗೆ.

ಪಿಕಪ್ ಕೂಡ ಕಮ್ಮಿ ಆದ ಹಾಗೆ ಅನಿಸಿತು. ಸುಮ್ನೆ ಮನಸ್ಸಿನ ಭ್ರಮೆಯೋ ಅಂತ ತಿಳಿಯಲು ಒಂದು ಭಾನುವಾರ ಒಂದು ಚಕ್ರ ಬಿಚ್ಚಿ, ಅದನ್ನೂ ಹಳೆಯದನ್ನೂ ಚಿಕ್ಕಪ್ಪನ ಅಡಿಕೆ ಅಂಗಡಿಗೆ ಒಯ್ದೆ. ಗೋಣಿ ತೂಗುವ ಯಂತ್ರದ ಮೇಲೆ ಟಯರು ಸಮೇತ ಇಟ್ಟೆವು. ಹಳೆಯದು 20 ಕಿಲೋ 400 ಗ್ರಾಂ. ಹೊಸದು 26 ಕಿಲೋ. ಚಿಕ್ಕಪ್ಪ ಹೊಸದನ್ನು ಒಂದು ಸಲ ಎತ್ತಿ ಕೆಳಗಿಟ್ಟು, "ಇದನ್ನು ತಿರುಗಿಸ್ಲಿಕ್ಕೇ ಇಂಜಿನಿಗೆ ಸಾಕಾಗ್ತದಲ್ಲ ಮಗಾ" ಅಂದರು. ನಾಲ್ಕು ಚಕ್ರಕ್ಕೆ 22 ಕಿಲೋಗಿಂತ ಜಾಸ್ತಿ.

ಈ ಭಾರ ಡಿಕ್ಕಿಯಲ್ಲಿ ಇಟ್ಟ ಸಾಮಾನಿನ ಹಾಗಲ್ಲ. ಸ್ಪ್ರಿಂಗಿನ ಕೆಳಗೆ ಇರುವ ಭಾರ. ಚಕ್ರ ಹಾರಿದರೆ ಅದನ್ನು ಮತ್ತೆ ರಸ್ತೆಗೆ ಒತ್ತುವುದು ಸ್ಪ್ರಿಂಗ್, ಕುಣಿಯದ ಹಾಗೆ ಹಿಡಿಯುವುದು ಶಾಕ್ಸ್; ಭಾರ ಜಾಸ್ತಿ ಆದಷ್ಟೂ ಅದು ತಡವಾಗುತ್ತದೆ. ಇನ್ನೊಂದು, ಹೆಚ್ಚಿದ ತೂಕ ಕೂತಿರುವುದು ಚಕ್ರದ ಹೊರ ಅಂಚಿನ ಕಡೆ. ತುಂಬಿದ ಕೊಡಪಾನವನ್ನು ಸೊಂಟದ ಮೇಲೆ ಇಟ್ಟು ನಡೆಯುವುದಕ್ಕೂ, ಕೈ ಚಾಚಿ ಹಿಡಿದು ನಡೆಯುವುದಕ್ಕೂ ಇರುವ ವ್ಯತ್ಯಾಸ ಇದು. ವೇಗ ತಗೊಳ್ಳಲೂ ಕಷ್ಟ, ನಿಲ್ಲಿಸಲೂ ಕಷ್ಟ. ಆಗುಂಬೆ ಇಳಿಯುವಾಗ ಬ್ರೇಕನ್ನು ಮೊದಲಿಗಿಂತ ಬೇಗ, ಗಟ್ಟಿಯಾಗಿ ಒತ್ತಬೇಕಾಯಿತು. ತಿರುವಿನ ಒಳಗೆ ಒಂದು ಸಣ್ಣ ಉಬ್ಬು ಸಿಕ್ಕಿದರೂ ಕಾರು ಹೊರಕ್ಕೆ ಒಂದು ಹೆಜ್ಜೆ ಸರಿಯುತ್ತಿತ್ತು. ನನಗೆ ಬೇಜಾರಾದದ್ದು ಅಲ್ಲಿ.

ಮಳೆಗಾಲ ಬಂತು. ಜುಲೈಯ ಒಂದು ಸಂಜೆ ಪಡುಬಿದ್ರಿ ದಾಟಿ ಕಾಪು ಕಡೆ ಬರುತ್ತಿದ್ದೆ. ಹೊಂಡದಲ್ಲಿ ನೀರು ತುಂಬಿದರೆ ಅದು ಹೊಂಡವೋ ಬರೀ ನೀರೋ ಗೊತ್ತಾಗುವುದಿಲ್ಲ. ಕಬ್ಬಿಣಕ್ಕೆ ಸುತ್ತಿಗೆ ಬಡಿದ ಹಾಗೆ ಸದ್ದು. ಬದಿಗೆ ನಿಲ್ಲಿಸಿ ಕೊಡೆ ಹಿಡಿದು ನೋಡಿದರೆ ಎಡಗಡೆ ಮುಂದಿನ ಟಯರಿನ ಬದಿ ಎರಡು ಬೆರಳು ಅಗಲಕ್ಕೆ ಹರಿದಿತ್ತು. ನನ್ನ ಕಾರಿನಲ್ಲಿ ಸ್ಟೆಪ್ನಿ ಇಲ್ಲ, ಪಂಕ್ಚರಿಗೆ ತುಂಬುವ ಅಂಟಿನ ದ್ರವ, ಸಣ್ಣ ಪಂಪು ಮಾತ್ರ. ಬದಿ ಹರಿದರೆ ಅದರಿಂದ ಉಪಯೋಗ ಇಲ್ಲ. ಕಾರನ್ನು ಲಾರಿ ಮೇಲೆ ಹಾಕಿ ಉಡುಪಿಗೆ ತರಬೇಕಾಯಿತು.

ಟಯರು ತೆಗೆದಾಗ ರಿಮ್ಮಿನ ಒಳ ಅಂಚು ಬಗ್ಗಿದ್ದು ಕಂಡಿತು, ಹೊರಗಿನಿಂದ ಏನೂ ಗೊತ್ತಾಗುತ್ತಿರಲಿಲ್ಲ. ಬಿಸಿ ಮಾಡಿ ಬಡಿದು ನೇರ ಮಾಡಿಸಿದೆ. ಅದು ತಪ್ಪು. ಅಲಾಯನ್ನು ಹಾಗೆ ಕಾಯಿಸಿದರೆ ಅದರ ಗಟ್ಟಿತನ ಹೋಗುತ್ತದೆ. ಕೆಲವೇ ವಾರಗಳಲ್ಲಿ ಅದೇ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು, ದಿನಾ ಬೆಳಿಗ್ಗೆ ಗಾಳಿ ಕಮ್ಮಿ.

ಇದರ ನಡುವೆ 90ರ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತಿತ್ತು. ಎರಡು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗಲಿಲ್ಲ. ಕಾರಣ ರಿಮ್ಮಿನ ನಡುವಿನ ತೂತು. ಟಿಟಿಯ ಹಬ್‌ಗೆ, ಅಂದರೆ ಚಕ್ರ ಕೂರುವ ನಡುವಿನ ಭಾಗಕ್ಕೆ, 57.1 ಮಿಲಿಮೀಟರ್ ತೂತು ಬೇಕು, ಹೊರಗಿನ ರಿಮ್ಮುಗಳಲ್ಲಿ ಎಲ್ಲ ಕಾರಿಗೂ ಆಗಲಿ ಅಂತ ದೊಡ್ಡ ತೂತು ಇರುತ್ತದೆ. ನಡುವಿನ ಸಂದಿಗೆ ಒಂದು ಪ್ಲಾಸ್ಟಿಕ್ ಬಳೆ ಹಾಕುತ್ತಾರೆ. ನನ್ನದರಲ್ಲಿ ಒಂದು ಬಳೆ ಒಡೆದಿತ್ತು. ಬೋಲ್ಟ್ ಬಿಗಿ ಮಾಡುವಾಗ ಚಕ್ರ ಸರಿಯಾಗಿ ನಡುವಿಗೆ ಕೂರುತ್ತಲೇ ಇರಲಿಲ್ಲ.

ಟಯರಿನ ಬದಿಯಲ್ಲಿ ಅಳತೆಯ ಪಕ್ಕ ಇನ್ನೊಂದು ಸಂಖ್ಯೆ ಇರುತ್ತದೆ, ಅದನ್ನು ನಾನು ಮೊದಲು ನೋಡಿಯೇ ಇರಲಿಲ್ಲ. ಹಳೆಯದರಲ್ಲಿ 95, ಅಂದರೆ ಒಂದು ಟಯರು 690 ಕಿಲೋ ಹೊರಬಹುದು. ಹೊಸದರಲ್ಲಿ 92, ಅಂದರೆ 630. ಒಳಗೆ ಗಾಳಿಗೆ ಜಾಗ ಕಮ್ಮಿ, ಅಷ್ಟು ಹೊರಬೇಕಾದರೂ ಒತ್ತಡ ಜಾಸ್ತಿ ಹಾಕಬೇಕು, ಆಗ ಇನ್ನೂ ಗಡಸು.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ನನ್ನ ಕಾರಿನಲ್ಲಿ ಕಂಪನಿ ಟಯರಿನ ಅಳತೆ ಬರೆದು ಅಂಟಿಸಿದ ಸ್ಟಿಕರಿನಲ್ಲಿ 20 ಅಂತ ಎಲ್ಲೂ ಇಲ್ಲ. ಅಪಘಾತ ಆಗಿದ್ದರೆ ಇನ್ಶೂರೆನ್ಸಿನವರಿಗೆ ನಾನು ಏನು ಹೇಳಬೇಕಿತ್ತು ಅಂತ ಈಗ ಯೋಚಿಸಿದರೆ ಹೆದರಿಕೆ ಆಗುತ್ತದೆ.

ಪುಣ್ಯಕ್ಕೆ ಹಳೆ ರಿಮ್ ಮಾರಿರಲಿಲ್ಲ. ದಸರಾ ರಜೆಯಲ್ಲಿ ಅವನ್ನೇ ಹಾಕಿಸಿದೆ, ಅಲೈನ್‌ಮೆಂಟ್ ಮಾಡಿಸಿದೆ, ಮುಂದಿನ ಎಡಗಡೆಯ ಸಸ್ಪೆನ್ಶನ್ನಿನ ರಬ್ಬರ್ ಬುಶ್ ಒಂದು ಬದಲಿಸಿದೆ. ಉಡುಪಿಯಿಂದ ಹೆಬ್ರಿ ದಾರಿ ಹಿಡಿದೆ. ಘಾಟಿಯ ಮೂರನೇ ತಿರುವಿನಲ್ಲಿ ಸ್ಟಿಯರಿಂಗ್ ಮತ್ತೆ ಕೈಯೊಂದಿಗೆ ಮಾತಾಡಿತು. ಮನಸ್ಸು ತುಂಬಿ ಬಂತು.

ದೊಡ್ಡದು ಬೇಕೇ ಬೇಕು ಅನ್ನುವವರು ಒಂದು ಇಂಚು ಏರಿಸಿ, ಕಂಪನಿಯ ಪಟ್ಟಿಯಲ್ಲಿ ಇರುವ ಅಳತೆಗೆ ಮಾತ್ರ. ಈ ಕಾರಿಗೆ ಅದು 245/40 ಆರ್18, ಹೊರಗಿನ ಅಳತೆ 653, ಬದಿಯ ರಬ್ಬರ್ 98 ಮಿಲಿಮೀಟರ್ ಉಳಿಯುತ್ತದೆ. ತಗೊಳ್ಳುವ ಮೊದಲು ರಿಮ್ಮನ್ನು ತೂಗಿಸಿ. ಬ್ರೇಕ್ ಕ್ಯಾಲಿಪರಿಗೆ (ಡಿಸ್ಕನ್ನು ಒತ್ತಿ ಹಿಡಿಯುವ ಭಾಗಕ್ಕೆ) ತಾಗದೆ ಕೂರುವ ಚಕ್ರ ಸಾಕು, ಅದಕ್ಕಿಂತ ದೊಡ್ಡದು ನೋಡಲಿಕ್ಕೆ ಮಾತ್ರ. ನನ್ನ ಟಯರುಗಳ ಗೆರೆ ಈಗ ಸವೆದಿದೆ, ಮಳೆ ಶುರುವಾಗುವ ಮೊದಲು ನಾಲ್ಕೂ ಬದಲಿಸಬೇಕು. ಅದೇ 245/45 ಆರ್17 ಬರಲಿಕ್ಕೆ ಹೇಳಿದ್ದೇನೆ.