ಕನೆಕ್ಟರ್ ಕೊಳ್ಳದೆ ಮೇನ್‌ಫ್ರೇಮ್ ಹೆಡರ್ ಕಟ್ಟಿದ್ದು

ಹಳೇ ಮೇನ್‌ಫ್ರೇಮ್‌ಗೆ (ದೊಡ್ಡ ಸಂಸ್ಥೆಗಳ ಕೇಂದ್ರ ಕಂಪ್ಯೂಟರ್) ಹೆಡರ್, ಅಂದರೆ ಪ್ರತಿ ಮೆಸೇಜಿನ ತಲೆಯಲ್ಲಿರೋ ವಿವರದ ಬೈಟುಗಳು, ಕೈಯಲ್ಲೇ ಕಟ್ಟೋದು ಆಗದ ಕೆಲಸ, ಆ ಕೆಲಸ ಮಾಡಿಕೊಡೋ ರೆಡಿಮೇಡ್ ಸಾಫ್ಟ್‌ವೇರ್ ಕನೆಕ್ಟರ್ ಕೊಂಡುಬಿಡಿ ಅಂತ ಟೀಮಿನಲ್ಲಿ ಎಲ್ಲರೂ ಹೇಳಿದ್ದರು. ಅದರ ವರ್ಷದ ಲೈಸೆನ್ಸಿಗೇ ಒಬ್ಬ ಸೀನಿಯರ್ ಡೆವಲಪರ್‌ನ ಹೆಚ್ಚುಕಮ್ಮಿ ಆರು ತಿಂಗಳ ಸಂಬಳ ಹೋಗುತ್ತಿತ್ತು. ಟೆಸ್ಟ್ ಸರ್ವರಿಗೆ ಬೇರೆ ದುಡ್ಡು. ನಾನು ಪೈಥಾನ್‌ನ ಸ್ಟ್ರಕ್ಟ್ ಮಾಡ್ಯೂಲ್ (ಸಂಖ್ಯೆ, ಅಕ್ಷರಗಳನ್ನ ಬೈಟುಗಳಾಗಿ ಜೋಡಿಸೋದು) ಇಟ್ಟುಕೊಂಡು ಸುಮಾರು 200 ಸಾಲಿನಲ್ಲಿ ಮುಗಿಸಿದೆ. ಈಗ ಪ್ರೊಡಕ್ಷನ್‌ನಲ್ಲಿ ಓಡುತ್ತಿರೋದು ಅದೇ.

ಹೆಡರ್ 24 ಬೈಟ್. ಮೊದಲ 2 ಬೈಟ್ ಉದ್ದ, ಆಮೇಲೆ 2 ಸೊನ್ನೆ, 8 ಬೈಟಿನ ಟ್ರಾನ್ಸಾಕ್ಷನ್ ಕೋಡ್, ಉಳಿದದ್ದು ಟರ್ಮಿನಲ್ ಐಡಿ, ಸೀಕ್ವೆನ್ಸ್ ನಂಬರ್. ಸಂಖ್ಯೆಯ ಬೈಟುಗಳಲ್ಲಿ ಯಾವ ತುದಿ ಮೊದಲು ಅನ್ನೋ ಎಂಡಿಯನ್ ಗಲಾಟೆಗೆ ಸ್ಟ್ರಕ್ಟ್ ಫಾರ್ಮ್ಯಾಟಿನ ಮುಂದೆ > ಹಾಕಿದರೆ ಆಯಿತು. ಹಾಕದಿದ್ದರೆ ಬೈಟ್ ಹಿಂದುಮುಂದಾಗೋದು ಸಾಲದು ಅಂತ ನಡುವೆ ಪ್ಯಾಡಿಂಗ್ (ಜಾಗ ತುಂಬೋ ಖಾಲಿ ಬೈಟು) ಬೇರೆ ನುಸುಳುತ್ತದೆ. 1 ಬೈಟ್ ಆದ ಮೇಲೆ 4 ಬೈಟಿನ ಇಂಟಿಜರ್ ಇಟ್ಟರೆ 5 ಆಗಬೇಕಾದ್ದು 8 ಆಗಿ ಕೂರುತ್ತದೆ.

ನಿಜವಾಗಿ ಸತಾಯಿಸಿದ್ದು ಉದ್ದ. ಆ 2 ಬೈಟ್ ತನ್ನನ್ನೂ ಸೇರಿಸಿ ಎಣಿಸುತ್ತದಾ ಇಲ್ವಾ ಅಂತ ಸ್ಪೆಕ್‌ನಲ್ಲಿ (ಹೆಡರ್ ಹೇಗಿರಬೇಕು ಅನ್ನೋ ದಾಖಲೆ) ಒಂದಕ್ಷರ ಇರಲಿಲ್ಲ. ಒಟ್ಟು 150 ಬೈಟಿನ ಮೆಸೇಜಿಗೆ ಆ 2 ಬಿಟ್ಟು 148 ಅಂತ ಬರೆದು ಕಳಿಸಿದೆವು. ಮೊದಲನೆಯದಕ್ಕೆ ಉತ್ತರ ಬಂತು! ಎರಡನೆಯದಕ್ಕೆ ಟೈಮ್‌ಔಟ್. ಎಲ್ಲರೂ ಫೈರ್‌ವಾಲ್‌ನ ಬೈದರು. ಹೆಕ್ಸ್ ಡಂಪ್ (ಬೈಟುಗಳನ್ನ 16ರ ಎಣಿಕೆಯಲ್ಲಿ ತೋರಿಸೋ ಪಟ್ಟಿ) ಹರವಿಕೊಂಡು ಲೆಕ್ಕ ಹಾಕಿದಾಗ ವಿಷಯ ಹೊರಬಿತ್ತು. ಹೋಸ್ಟ್, ಅಂದರೆ ಮೇನ್‌ಫ್ರೇಮ್, ಉದ್ದದ 2 ಬೈಟನ್ನೂ ಸೇರಿಸಿ ಎಣಿಸಿ 148ಕ್ಕೇ ಓದು ನಿಲ್ಲಿಸಿತ್ತು. ಕೊನೆಯಲ್ಲಿ ಉಳಿದ ಎರಡು ಬೈಟ್ ಹೆಕ್ಸ್‌ನಲ್ಲಿ 40 40, ಅಂದರೆ ಮೇನ್‌ಫ್ರೇಮಿನ ಅಕ್ಷರ ಸಂಕೇತವಾದ ಎಬ್ಸಿಡಿಕ್‌ನ ಸ್ಪೇಸ್. ಅದನ್ನೇ ಮುಂದಿನ ಮೆಸೇಜಿನ ಉದ್ದ ಅಂದುಕೊಂಡು 16,448 ಬೈಟ್ ಬರಲಿ ಅಂತ ಕಾಯುತ್ತಾ ಕೂತಿತ್ತು.

ಅಲ್ಲಿಗೆ ಸ್ಪೆಕ್ ಮುಚ್ಚಿಟ್ಟೆ. ಹಳೇ ಕ್ಲೈಂಟ್ ಕಳಿಸೋದನ್ನ ವೈರ್‌ಶಾರ್ಕ್‌ನಲ್ಲಿ (ನೆಟ್‌ವರ್ಕ್‌ನಲ್ಲಿ ಹರಿಯೋದನ್ನ ತೋರಿಸೋ ಟೂಲ್) ಹಿಡಿದೆ. ನನ್ನ ಹೆಡರ್ ಅದಕ್ಕೆ ಬೈಟಿಗೆ ಬೈಟ್ ತಾಳೆಯಾಗೋವರೆಗೂ ಹೋಸ್ಟ್‌ಗೆ ಸಾಕೆಟ್ (ಸಂಪರ್ಕ) ತೆರೆಯಲೇ ಇಲ್ಲ. ಆಮೇಲೂ ಒಂದು ಸಲಕ್ಕೆ ಒಂದೇ ಫೀಲ್ಡ್ ಬದಲಿಸಿದ್ದು. ಇದು ನಿಧಾನ ಅಂತ ನಕ್ಕವರೇ ಈಗ ಈ ಕೋಡ್ ಕೇಳಿಕೊಂಡು ಬರುತ್ತಾರೆ.

ಸುಮ್ನೆ ಕುತೂಹಲಕ್ಕೆ ಎಬ್ಸಿಡಿಕ್‌ನ ಕೋಡ್ ಪೇಜ್ (ಯಾವ ಅಕ್ಷರಕ್ಕೆ ಯಾವ ಬೈಟ್ ಅನ್ನೋ ಪಟ್ಟಿ) 037 ತೆಗೆದು 500 ಹಾಕಿ ನೋಡಿದೆ. ಎಲ್ಲಾ ಟೆಸ್ಟ್ ಪಾಸ್! ಎ ಟು ಝಡ್, ಅಂಕಿ ಎಲ್ಲ ಎರಡರಲ್ಲೂ ಒಂದೇ ಅಲ್ವಾ. ಕೈಕೊಡೋದು ! | [ ] ಇಂಥವು. ಟೆಸ್ಟ್ ಡೇಟಾದಲ್ಲಿ ಇವನ್ನು ಬೇಕಂತಲೇ ತುರುಕಿ.

ಲಿಂಕ್ ಮಧ್ಯದಲ್ಲಿ ಕಡಿದರೆ ಸೀಕ್ವೆನ್ಸ್ ನಂಬರನ್ನ ಮತ್ತೆ ಹಳಿಗೆ ತರೋಕೂ ಒಂದು ಉಪಾಯ ಮಾಡಿದ್ದೇನೆ. ಅದಕ್ಕೆ ಹೆಡರಿನ ಆ ಎರಡು ಸೊನ್ನೆ ಬೈಟುಗಳೇ ಸಾಕು. ಇದಕ್ಕಿಂತ ಜಾಸ್ತಿ ಹೇಳಲ್ಲ.